ಜೇಜುರಿಯ ಕೆರೆ, ಪುಣೆಯ ಸಾರಸಬಾಗು

ಕನ್ನಡ ನಾಡಿನ ಮೈಲಾರಲಿಂಗನೇ ಮಹಾರಾಷ್ಟ್ರದ ಖಂಡೋಬನೆಂಬುದು ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಹೊಸ ವಿಷಯವಲ್ಲ. ಹೂವಿನ ಹಡಗಲಿ ಸೀಮೆಯ ಮೈಲಾರ, ಬೀದರ ಜಿಲ್ಲೆಯ ಮೈಲಾರ, ಬೆಳಗಾವಿ ಜಿಲ್ಲೆಯ ಮಂಗಸೂಳಿ, ಇವುಗಳ ಒಕ್ಕಲಿನವರಿಗೆ ಜೇಜುರಿಯೂ ಮನೆದೇವರ ಸ್ಥಾನವೇ. ಪುಣೆಯಿಂದ ದಿವೆ ಘಾಟವನ್ನೇರಿ, ಸಾಸವಡವನ್ನು ದಾಟಿ ಸುಮಾರು 50 ಕಿಲೋಮೀಟರು ಸಾಗಿದರೆ ಭಂಡಾರದ ಅರಿಸಿನದಿಂದ ಹೊಂಬಣ್ಣ ತಳೆದ ಆ ಬೆಟ್ಟ ಕಾಣುತ್ತದೆ. ದೀಪಮಾಲೆಗಳನ್ನೂ ಮೆಟ್ಟಿಲುಗಳನ್ನೂ ಕಂಡು ಕೈಮುಗಿಯುವ ಯಾತ್ರಿಕರಲ್ಲಿ, ಊರಿನ ಬಳಿಯ ಕಲ್ಲುಕಟ್ಟಡದ ಎರಡು ಕೆರೆಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಒಂದಕ್ಕೆ ಪೇಶ್ವೆಯರ ಹೆಸರು, ಇನ್ನೊಂದಕ್ಕೆ ಹೋಳ್ಕರ ಮನೆತನದ ಹೆಸರು. ಮಳೆ ಕಡಿಮೆಯಾದ ಪುರಂದರ ತಾಲೂಕಿನಲ್ಲಿ, ಸೋಮವತಿ ಅಮಾವಾಸ್ಯೆಯಂಥ ಪರ್ವಗಳಂದು ನೆರೆಯುವ ಜನಸಾಗರಕ್ಕೆ ನೀರಿಲ್ಲದೆ ಕ್ಷೇತ್ರವಿಲ್ಲವೆಂಬುದನ್ನು ಅಂದಿನವರು ಅರಿತಿದ್ದರು.

ಪೇಶ್ವೆಯರ ಕಾಲದ ಇನ್ನೊಂದು ಕೆರೆ ಪುಣೆ ನಗರದೊಳಗೇ ಇತ್ತು. ಇಂದು ಅದನ್ನು ಹುಡುಕಹೊರಟವರು ನಿಲ್ಲುವುದು ಸಾರಸಬಾಗಿನ ಹುಲ್ಲುಹಾಸಿನ ಮೇಲೆ.

18ನೆಯ ಶತಮಾನದ ನಡುವಿನಲ್ಲಿ ಪೇಶ್ವೆ ನಾನಾಸಾಹೇಬನು ಪರ್ವತಿ ಬೆಟ್ಟದ ಮೇಲೆ ದೇವಾಲಯವನ್ನು ಕಟ್ಟಿಸಿದನು. ಬೆಟ್ಟದ ಬುಡದಲ್ಲಿ, ಕಾತ್ರಜದ ಕಡೆಯಿಂದ ಹರಿದುಬರುವ ಆಂಬಿಲ ಹಳ್ಳದ ನೀರನ್ನು ತಡೆದು ವಿಶಾಲವಾದ ಕೆರೆಯನ್ನು ನಿರ್ಮಿಸಲಾಯಿತು. ಅದರ ನಡುವೆ ಉಳಿಸಿಕೊಂಡ ನಡುಗಡ್ಡೆಯ ಮೇಲೆ ಬೆಳೆಸಿದ ತೋಟವೇ ಸಾರಸಬಾಗು. 1784ರಲ್ಲಿ ಸವಾಯಿ ಮಾಧವರಾವನು ಅಲ್ಲಿ ಸಿದ್ಧಿವಿನಾಯಕನ ಚಿಕ್ಕ ಗುಡಿಯನ್ನು ಕಟ್ಟಿಸಿದನು.

ಕಾಲಾಂತರದಲ್ಲಿ ಕೆರೆ ಬತ್ತಿ, ಅದರ ತಳವೇ ನಗರದ ಉದ್ಯಾನವಾಯಿತು. ಆದರೂ ಮರಾಠಿ ಜನರ ಬಾಯಲ್ಲಿ ದೇವರು ಇಂದಿಗೂ 'ತಳ್ಯಾತಲಾ ಗಣಪತಿ', ಅಂದರೆ ಕೆರೆಯೊಳಗಿನ ಗಣಪತಿ. ನೀರು ಹೋದರೂ ಹೆಸರು ಹೋಗಲಿಲ್ಲ. ಚಳಿಗಾಲದಲ್ಲಿ ಈ ಗಣಪತಿಗೆ ಉಣ್ಣೆಯ ಸ್ವೆಟರು, ಟೋಪಿಗಳನ್ನು ತೊಡಿಸುವುದು ಪುಣೆಯವರ ಅಕ್ಕರೆಯ ರೂಢಿ. ದೀಪಾವಳಿಯ ನಸುಕಿನಲ್ಲಿ ಇಲ್ಲಿ ನಡೆಯುವ ಸಂಗೀತಕ್ಕೆ ಜನ ಹೊಸ ಬಟ್ಟೆಯುಟ್ಟು ಬರುತ್ತಾರೆ. ಪಕ್ಕದ ಪೇಶ್ವೆ ಉದ್ಯಾನದಲ್ಲಿ 1953ರಲ್ಲಿ ನಗರಸಭೆಯ ಪ್ರಾಣಿಸಂಗ್ರಹಾಲಯ ಆರಂಭವಾಯಿತು. ಮಕ್ಕಳ ಪುಟ್ಟ ರೈಲು 'ಫುಲರಾಣಿ' 1956ರಲ್ಲಿ ಬಂದಿತು. ಪ್ರಾಣಿಗಳು ಮುಂದೆ ಕಾತ್ರಜದ ರಾಜೀವ ಗಾಂಧಿ ಪ್ರಾಣಿಸಂಗ್ರಹಾಲಯಕ್ಕೆ ಸ್ಥಳಾಂತರಗೊಂಡವು.

ಕೆರೆಗಳ ಕಥೆ ಬೆಂಗಳೂರಿನಿಂದ ಬಂದವರಿಗೂ ಪರಿಚಿತವೇ. ಅಲ್ಲಿಯ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು; ಸಂಪಂಗಿ ಕೆರೆಯ ಬಹುಭಾಗ ಕಂಠೀರವ ಕ್ರೀಡಾಂಗಣವಾಯಿತು. ಆ ಲೆಕ್ಕದಲ್ಲಿ ಪುಣೆಯ ಕೆರೆ ಭಾಗ್ಯಶಾಲಿ. ಅದು ಹಸಿರಾಗಿಯೇ ಉಳಿಯಿತು. ಹಸಿರು ನೆಲ ಮಳೆನೀರನ್ನು ಹೀರುತ್ತದೆ, ಸಿಮೆಂಟಿನ ನೆಲ ಹೀರದು. ಹಳ್ಳದ ಪಾತ್ರವನ್ನು ಇಕ್ಕಟ್ಟುಗೊಳಿಸಿ ದಡದವರೆಗೂ ಮನೆಗಳನ್ನು ಕಟ್ಟಿದರೆ ಏನಾಗುವುದೆಂಬುದನ್ನು 2019ರ ಸೆಪ್ಟೆಂಬರ 25ರ ರಾತ್ರಿ ಅದೇ ಆಂಬಿಲ ಹಳ್ಳ ತೋರಿಸಿಕೊಟ್ಟಿತು. ಆ ಮಳೆಯಲ್ಲಿ ಪುಣೆಯ ಪರಿಸರದಲ್ಲಿ 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕೆರೆ, ಹಳ್ಳ, ತೋಟಗಳು ನಗರದ ಅಲಂಕಾರಗಳಲ್ಲ, ಅದರ ಪ್ರಾಣರಕ್ಷಕಗಳು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ವ್ಯಕ್ತಿಯ ಆರೋಗ್ಯಕ್ಕೂ ತೋಟ ಅಷ್ಟೇ ಅಗತ್ಯ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಚುರುಕಾಗಿ ನಡೆದರೆ ಅಷ್ಟಾಯಿತು. ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ವೇಗಕ್ಕೆ ಇದೇ ಅಳತೆ. ಇಂಥ ನಡಿಗೆಯಿಂದ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡಲು ಸಹಾಯವಾಗುತ್ತದೆ. ಮಂಡಿನೋವಿರುವ ಹಿರಿಯರಿಗೆ ಪರ್ವತಿಯ ಮೆಟ್ಟಿಲುಗಳಿಗಿಂತ ಸಾರಸಬಾಗಿನ ಸಮತಟ್ಟಾದ ದಾರಿ ಹಿತ. ಜೇಜುರಿಯ ಬೆಟ್ಟ ಹತ್ತಬೇಕೆಂದಿರುವವರು ಕೆಲವು ವಾರಗಳ ಮೊದಲೇ ಹೀಗೆ ನಡೆದು ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಹತ್ತುವಾಗ ಎದೆ ಬಿಗಿದಂತಾದರೆ ಅಥವಾ ತಲೆ ಸುತ್ತಿದರೆ ಅಲ್ಲಿಯೇ ಕುಳಿತುಕೊಳ್ಳಬೇಕು. ಬೇಗನೆ ಕಡಿಮೆಯಾಗದಿದ್ದರೆ ತಡಮಾಡದೆ ವೈದ್ಯರ ನೆರವು ಪಡೆಯಬೇಕು. ಉಬ್ಬಸದವರು ಭಂಡಾರ ತೂರುವ ಗದ್ದಲದಲ್ಲಿ ಮೂಗುಬಾಯಿಗಳಿಗೆ ವಸ್ತ್ರವನ್ನು ಕಟ್ಟಿಕೊಳ್ಳುವುದು ಲೇಸು.

ಊರು ಬಿಟ್ಟು ಬಂದ ಕುಟುಂಬಗಳಿಗೆ ಪರನಾಡಿನಲ್ಲಿ ಜಗಲಿಯಿಲ್ಲ, ಹಿತ್ತಿಲಿಲ್ಲ. ಎರಡು ಕೋಣೆಗಳ ಮನೆಯಲ್ಲಿ ದಿನ ಕಳೆಯುವ ಅಜ್ಜ ಅಜ್ಜಿಯರಿಗೆ ಸಾರ್ವಜನಿಕ ಉದ್ಯಾನವೇ ಜಗಲಿ. ಮರಾಠಿ ಬಾರದವರಿಗೂ ಅಲ್ಲಿ ನಾಲ್ಕು ದಿನಗಳಲ್ಲಿ ಪರಿಚಯದ ಮುಖಗಳು ಸಿಗುತ್ತವೆ. ಅಂಥ ಜಾಗವನ್ನು ಶುಚಿಯಾಗಿಡುವುದು, ಅದರ ಅಂಗುಲವೂ ಒತ್ತುವರಿಯಾಗದಂತೆ ದನಿಯೆತ್ತುವುದು ಈ ನಗರದ ಅನ್ನ ಉಂಡ ಕನ್ನಡಿಗರ ಕರ್ತವ್ಯವೂ ಹೌದು. ಜೇಜುರಿಗೆ ಹೋದಾಗ ಮಲ್ಲಯ್ಯನ ದರ್ಶನದ ಬಳಿಕ ಕೆರೆಯ ಕಟ್ಟೆಯ ಮೇಲೆ ಮಕ್ಕಳನ್ನು ಒಂದು ಗಳಿಗೆ ನಿಲ್ಲಿಸಿ, ಪುಣೆಯಲ್ಲಿ ಅವರು ಆಡುವ ತೋಟದ ಜಾಗದಲ್ಲಿಯೂ ಒಮ್ಮೆ ಹೀಗೆಯೇ ನೀರಿತ್ತೆಂದು ಹೇಳಬೇಕು.