ಜನ ಎಲ್ಲಿ ಹೋದರು?

ರೇಡಿಯೋ ಇದ್ದಕ್ಕಿದ್ದಂತೆ ಮೂಕವಾದರೆ ನೀವು ಏನು ಮಾಡುವಿರಿ? ನಿಲಯದವರು ಕಾರ್ಯಕ್ರಮವನ್ನೇ ನಿಲ್ಲಿಸಿಬಿಟ್ಟರೆಂದು ಕೂಡಲೇ ತೀರ್ಮಾನಿಸುವುದಿಲ್ಲ. ಮನೆಯಲ್ಲಿ ಕರೆಂಟು ಇದೆಯೇ ಎಂದು ನೋಡುವಿರಿ. ಮುಳ್ಳು ಸರಿದಿದೆಯೇ ಎಂದು ತಿರುಗಿಸಿ ನೋಡುವಿರಿ. ಪಕ್ಕದ ಮನೆಯ ರೇಡಿಯೋ ಹಾಡುತ್ತಿದೆಯೇ ಎಂದು ಕಿವಿಗೊಡುವಿರಿ. ಅದೂ ಸುಮ್ಮನಿದ್ದರೆ ದೋಷ ನಿಮ್ಮ ಪೆಟ್ಟಿಗೆಯದಲ್ಲ. ಮೊಬೈಲಿನಲ್ಲಿ ಕೋಟ್ಯಂತರ ಜನ ಚಿತ್ರವನ್ನೂ ಮಾತನ್ನೂ ಹಂಚಿಕೊಳ್ಳುವ ಸಾಮಾಜಿಕ ಆಪ್‌ಗಳನ್ನು ನಡೆಸುವವರಿಗೆ, ಬಳಕೆ ದಿಢೀರನೆ ಇಳಿದ ದಿನ ಬೇಕಾಗುವುದೂ ಇದೇ ಬಗೆಯ ವಿವೇಕ.

ನಿನ್ನೆ ಎಷ್ಟು ಜನ ಬಂದರು, ಎಷ್ಟು ಹೊತ್ತು ಇದ್ದರು ಎಂಬ ಲೆಕ್ಕ ಅವರಿಗೆ ಜೀವನಾಡಿ. ಜಾಹೀರಾತಿನ ಆದಾಯ ನಿಂತಿರುವುದು ಅದರ ಮೇಲೆ. ಸಂಖ್ಯೆ ಕುಸಿದರೆ ಷೇರಿನ ಬೆಲೆ ಕುಸಿಯುತ್ತದೆ, ನೌಕರರ ಕೆಲಸಕ್ಕೆ ಕುತ್ತು ಬರುತ್ತದೆ, ಆ ಆಪನ್ನೇ ಅಂಗಡಿಯ ಕಟ್ಟೆಯಾಗಿ ಮಾಡಿಕೊಂಡ ಸಣ್ಣ ವ್ಯಾಪಾರಿಗೆ ಗಿರಾಕಿ ತಪ್ಪುತ್ತಾನೆ. ರೋಗ ತಿಳಿಯದೆ ಮದ್ದು ಕೊಟ್ಟರಂತೂ ಇನ್ನಷ್ಟು ಹಾನಿ.

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನಮ್ಮಲ್ಲಿ ಕಡಮೆಯಿಲ್ಲ. ಆದುದರಿಂದ ಮೊದಲು ಕೇಳಬೇಕಾದುದು, ಜನ ನಿಜವಾಗಿ ಕಡಮೆಯಾದರೋ ಅಥವಾ ಎಣಿಕೆ ಬದಲಾಯಿತೋ ಎಂಬುದನ್ನು. 2018ರ ಜುಲೈ ತಿಂಗಳಲ್ಲಿ ಟ್ವಿಟರ್ ಸಂಸ್ಥೆ, ಸಂಶಯದಿಂದ ಬೀಗ ಹಾಕಿಟ್ಟಿದ್ದ ಖಾತೆಗಳನ್ನು ಅನುಯಾಯಿಗಳ ಲೆಕ್ಕದಿಂದ ತೆಗೆದುಹಾಕಿತು. ಬರಾಕ್ ಒಬಾಮರಂಥವರ ಅನುಯಾಯಿಗಳು ಲಕ್ಷಗಟ್ಟಲೆ ಕಡಮೆಯಾದರು. ಅವರ ಮೇಲೆ ಯಾರೂ ಮುನಿಸಿಕೊಂಡಿರಲಿಲ್ಲ. ಬದಲಾದುದು ಎಣಿಸುವ ಕ್ರಮ ಮಾತ್ರ. ಹಬ್ಬ, ಪರೀಕ್ಷೆ, ಭಾನುವಾರಗಳ ಏರಿಳಿತವನ್ನೂ ಇಲ್ಲಿಯೇ ಕಳೆಯಬೇಕು. ಸೋಮವಾರವನ್ನು ಸೋಮವಾರದೊಡನೆ ಹೋಲಿಸಬೇಕೇ ಹೊರತು ಭಾನುವಾರದೊಡನೆ ಅಲ್ಲ.

ಎಣಿಕೆ ಸರಿಯಿದ್ದರೆ ಇಳಿಕೆಯ ಆಕಾರವನ್ನು ನೋಡುವುದು. ಗೋಡೆಯಂತೆ ಒಮ್ಮೆಗೇ ಬಿದ್ದಿತೋ, ದಿಣ್ಣೆಯಂತೆ ಜಾರಿತೋ? ಮನುಷ್ಯರ ಅಭಿರುಚಿ ಒಂದೇ ಗಳಿಗೆಯಲ್ಲಿ ಎಲ್ಲರಲ್ಲಿಯೂ ಬದಲಾಗುವುದಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಕಾಲ ಲೋಕದಿಂದಲೇ ಮಾಯವಾದವು. ದುರಸ್ತಿಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಆ ಸಂಸ್ಥೆಯ ಯಂತ್ರಾಗಾರಗಳ ನಡುವಣ ಸಂಪರ್ಕ ಕಡಿದು, ಅವುಗಳ ವಿಳಾಸವೇ ಇಂಟರ್‌ನೆಟ್ಟಿಗೆ ತಿಳಿಯದಂತಾಯಿತು. ಆ ಒಂದು ದಿನದಲ್ಲಿ ಟೆಲಿಗ್ರಾಮ್ ಆಪಿಗೆ ಏಳು ಕೋಟಿಗೂ ಹೆಚ್ಚು ಹೊಸಬರು ಬಂದರೆಂದು ಅದರ ಸ್ಥಾಪಕರು ಹೇಳಿದರು. ಒಂದು ಬಾವಿಯ ಹಗ್ಗ ಹರಿದರೆ ಜನ ಪಕ್ಕದ ಬಾವಿಗೆ ಹೋಗುತ್ತಾರೆ, ಬಾಯಾರಿಕೆಯೇನೂ ಹೋಗುವುದಿಲ್ಲ. ಕಾರಣ ಹೊರಗಿನದೂ ಆಗಬಹುದು. 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಸೇರಿದಂತೆ 59 ಆಪ್‌ಗಳನ್ನು ನಿಷೇಧಿಸಿತು. ಅಂಥ ವೇಳೆ ಲೆಕ್ಕವನ್ನು ದೇಶವಾರು ವಿಂಗಡಿಸಿದೊಡನೆ ಕಾರಣ ತಾನಾಗಿ ಗೋಚರಿಸುತ್ತದೆ.

ಕಷ್ಟವಾದುದು ಜಾರುವ ಇಳಿಕೆ. ಒಂದು ತರಗತಿಯಲ್ಲಿ 40 ಮಕ್ಕಳಿದ್ದು, ನಿತ್ಯ ಹಾಜರಾತಿ 30ಕ್ಕೆ ಇಳಿಯಿತೆಂದು ಇಟ್ಟುಕೊಳ್ಳಿ. ಹತ್ತು ಮಕ್ಕಳು ಶಾಲೆಯನ್ನೇ ಬಿಟ್ಟಿರಬಹುದು. ಅಥವಾ ಯಾರೂ ಬಿಡದೆ, ಪ್ರತಿಯೊಬ್ಬನೂ ನಾಲ್ಕು ದಿನಕ್ಕೊಮ್ಮೆ ತಪ್ಪಿಸಿಕೊಳ್ಳುತ್ತಿರಬಹುದು. ಸಂಖ್ಯೆ ಎರಡರಲ್ಲಿಯೂ ಅದೇ 30. ಮೊದಲನೆಯದಕ್ಕೆ ಮನೆಮನೆಗೆ ಹೋಗಬೇಕು. ಎರಡನೆಯದಕ್ಕೆ ಪಾಠವನ್ನೇ ತಿದ್ದಿಕೊಳ್ಳಬೇಕು. ಮೊತ್ತವನ್ನು ಎಷ್ಟು ದಿಟ್ಟಿಸಿದರೂ ಈ ಭೇದ ತಿಳಿಯದು. ಒಬ್ಬೊಬ್ಬರ ಹೆಸರಿನ ಮುಂದೆ ಗುರುತು ಹಾಕಿದ ಪುಸ್ತಕವನ್ನು ತೆರೆಯಬೇಕು.

ಸ್ನ್ಯಾಪ್‌ಚಾಟ್ ಎಂಬ ಆಪಿಗೆ ಒದಗಿದುದು ಈ ಎರಡನೆಯ ಬಗೆಯದು. 2018ರ ಆರಂಭದಲ್ಲಿ ಅದರ ಮುಖವಿನ್ಯಾಸವನ್ನು ಬದಲಿಸಿ, ಸ್ನೇಹಿತರದೆಲ್ಲ ಒಂದು ಪಕ್ಕಕ್ಕೂ ಪತ್ರಿಕೆಗಳು, ಪ್ರಸಿದ್ಧರದು ಇನ್ನೊಂದು ಪಕ್ಕಕ್ಕೂ ಬರುವಂತೆ ಮಾಡಿದರು. ಹಳೆಯದನ್ನೇ ಕೊಡಿರೆಂದು ಹನ್ನೆರಡು ಲಕ್ಷಕ್ಕೂ ಮಿಕ್ಕ ಜನ ಮನವಿಗೆ ಸಹಿ ಹಾಕಿದರು. ಅಡುಗೆಮನೆಯ ಡಬ್ಬಗಳನ್ನು ಯಾರಾದರೂ ಕೇಳದೆಯೇ ಬೇರೆ ಗೂಡಿಗೆ ಸರಿಸಿದರೆ ಗೃಹಿಣಿಗೆ ಎಷ್ಟು ಸಿಟ್ಟು ಬರುವುದೋ ಅಷ್ಟೇ ಸಿಟ್ಟು ಇಲ್ಲಿಯೂ. ಆ ವರ್ಷದ ಮೊದಲ ಮೂರು ತಿಂಗಳಲ್ಲಿ 19 ಕೋಟಿ 10 ಲಕ್ಷವಿದ್ದ ನಿತ್ಯದ ಬಳಕೆದಾರರು ಮುಂದಿನ ಮೂರು ತಿಂಗಳಲ್ಲಿ 18 ಕೋಟಿ 80 ಲಕ್ಷಕ್ಕೆ ಇಳಿದರು. ಆದರೆ ತಿಂಗಳಿಗೊಮ್ಮೆಯಾದರೂ ಬರುವವರ ಸಂಖ್ಯೆ ಆಗಲೂ ಬೆಳೆಯುತ್ತಲೇ ಇತ್ತೆಂದು ಸಂಸ್ಥೆ ತಿಳಿಸಿತು. ಎಂದರೆ ಜನ ಬಿಟ್ಟುಹೋಗಿರಲಿಲ್ಲ. ಅವರು ಬರುವುದು ವಿರಳವಾಗಿತ್ತು.

ಇದರ ನಡುವೆ ಒಂದು ತಮಾಷೆ ನಡೆಯಿತು. 2018ರ ಫೆಬ್ರವರಿ 21ರಂದು ಕೈಲಿ ಜೆನ್ನರ್ ಎಂಬ ಅಮೆರಿಕದ ಜನಪ್ರಿಯ ಯುವತಿ, ತಾನೀಗ ಸ್ನ್ಯಾಪ್‌ಚಾಟ್ ತೆರೆಯುವುದಿಲ್ಲವೆಂಬ ಅರ್ಥದ ಒಂದು ಸಾಲನ್ನು ಟ್ವಿಟರಿನಲ್ಲಿ ಬರೆದಳು. ಮರುದಿನ ಸಂಸ್ಥೆಯ ಷೇರುಗಳ ಮೌಲ್ಯ ಸುಮಾರು 130 ಕೋಟಿ ಡಾಲರಿನಷ್ಟು ಇಳಿಯಿತು. ಪತ್ರಿಕೆಗಳಿಗೆ ಕಾರಣ ಸಿಕ್ಕಿತು! ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ ಕಾಕತಾಳೀಯ ನ್ಯಾಯವೆಂದು ಹೆಸರಿದೆ. ಕಾಗೆ ತಾಳೆಯ ಮರದ ಮೇಲೆ ಬಂದು ಕುಳಿತಿತು, ಅದೇ ಹೊತ್ತಿಗೆ ಹಣ್ಣು ಬಿದ್ದಿತು. ಷೇರು ಬಿದ್ದುದಕ್ಕೆ ಆಕೆಯ ಮಾತು ನೆಪವಾಗಿರಬಹುದು, ಆದರೆ ಕೋಟ್ಯಂತರ ಜನರ ಬಳಕೆಯ ವಿಷಯ ಬೇರೆ. ವಿನ್ಯಾಸದ ಬಗ್ಗೆ ಗೊಣಗಾಟ ಅದಕ್ಕೆ ಮೊದಲೇ ಎದ್ದಿತ್ತು.

ಕಾಗೆಯನ್ನು ಬಿಟ್ಟು ಕಾರಣವನ್ನು ಹಿಡಿಯಲು ತಾರ್ಕಿಕರು ಅನ್ವಯ, ವ್ಯತಿರೇಕ ಎಂಬ ಎರಡು ಕೈಗಳನ್ನು ಹೇಳುತ್ತಾರೆ. ಇದು ಇದ್ದಲ್ಲಿ ಅದೂ ಇದೆಯೇ? ಇದು ಇಲ್ಲದಲ್ಲಿ ಅದೂ ಇಲ್ಲವೇ? ಆಪ್ ನಡೆಸುವವರಿಗೆ ಈ ಪರೀಕ್ಷೆ ಬಲು ಸುಲಭ. ಒಂದು ಲಕ್ಷ ಜನಕ್ಕೆ ಹೊಸ ವಿನ್ಯಾಸ, ಅಂಥವೇ ಇನ್ನೊಂದು ಲಕ್ಷ ಜನಕ್ಕೆ ಹಳೆಯದು ಎಂದು ಏಕಕಾಲದಲ್ಲಿ ತೋರಿಸಿ ನೋಡಬಹುದು. ಫೋನಿನ ಬಗೆ, ದೇಶ, ವಯಸ್ಸು, ಹೊಸಬ, ಹಳಬ ಎಂದು ಲೆಕ್ಕವನ್ನು ಸೀಳಿಯೂ ನೋಡಬಹುದು. ಸ್ನ್ಯಾಪ್‌ಚಾಟಿನ ಬಳಕೆ 2018ರ ಮೂರನೆಯ ಮೂರು ತಿಂಗಳಲ್ಲಿ ಮತ್ತೆ ಇಳಿದು 18 ಕೋಟಿ 60 ಲಕ್ಷಕ್ಕೆ ಬಂದಾಗ, ಆ ಇಳಿಕೆ ಮುಖ್ಯವಾಗಿ ಆಂಡ್ರಾಯ್ಡ್ ಫೋನಿನವರಲ್ಲಿ ಎಂದು ಕಂಡುಬಂದಿತು. ವಿನ್ಯಾಸವೊಂದೇ ಕಾರಣವಾಗಿದ್ದರೆ ಐಫೋನಿನವರಲ್ಲಿಯೂ ಅಷ್ಟೇ ಇಳಿಯಬೇಕಿತ್ತಲ್ಲವೇ? ಆಂಡ್ರಾಯ್ಡಿನಲ್ಲಿ ಆ ಆಪ್ ಮೊದಲಿನಿಂದಲೂ ಮಂದಗತಿಯದು. ಅದನ್ನು ತಳಪಾಯದಿಂದ ಮತ್ತೆ ಕಟ್ಟಿ 2019ರ ವಸಂತದಲ್ಲಿ ಹೊರತಂದರು.

ಆ ವರ್ಷದ ಎರಡನೆಯ ಮೂರು ತಿಂಗಳಲ್ಲಿ ನಿತ್ಯದ ಬಳಕೆದಾರರು 20 ಕೋಟಿ 30 ಲಕ್ಷಕ್ಕೆ ಏರಿದರು. ಹೊಸ ಆಂಡ್ರಾಯ್ಡ್ ಆಪಿನ ಮಹಿಮೆಯೆಂದು ಇಲ್ಲಿ ಯಾರಾದರೂ ಕೈತಟ್ಟಬಹುದು. ಆದರೆ ಅದೇ ತಿಂಗಳುಗಳಲ್ಲಿ ಗಂಡಸಿನ ಮುಖವನ್ನು ಹೆಂಗಸಿನದಾಗಿ, ದೊಡ್ಡವರ ಮುಖವನ್ನು ಮಗುವಿನದಾಗಿ ತೋರಿಸುವ ವಿನೋದದ ಮಸೂರಗಳೂ ಬಂದಿದ್ದುವು. ಹೊಸದಾಗಿ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಂದುದು ಆ ಮಸೂರಗಳಿಂದಲೇ ಎಂಬುದು ಸಂಸ್ಥೆಯ ಸ್ವಂತ ಅಂದಾಜು.