1916ರ ಮಧ್ಯ ಏಷ್ಯಾ ದಂಗೆ

1916ರ ಜುಲೈ 8ರಂದು ರಷ್ಯಾದ ಚಕ್ರವರ್ತಿ ಎರಡನೇ ನಿಕೊಲಾಯ್ ಹೊರಡಿಸಿದ ಆಜ್ಞೆಯೊಂದು ಮಧ್ಯ ಏಷ್ಯಾವನ್ನು ದಂಗೆಗೆ ನೂಕಿತು. ತುರ್ಕಿಸ್ತಾನ ಮತ್ತು ಕಜಖ್ ಹುಲ್ಲುಗಾವಲು ಸೀಮೆಯ 19ರಿಂದ 43 ವರ್ಷದ ಗಂಡಸರು ಮೊದಲ ಮಹಾಯುದ್ಧದ ರಣರಂಗದ ಹಿಂದೆ ಕಂದಕ ತೋಡುವಂಥ ಕೆಲಸಕ್ಕೆ ಹೋಗಬೇಕಿತ್ತು. ಅಲ್ಲಿಯವರೆಗೆ ಈ ಮುಸ್ಲಿಂ ಪ್ರಜೆಗಳನ್ನು ಸೇನೆಗೆ ಕರೆಯುತ್ತಿರಲಿಲ್ಲ. ಅವರ ಕೈಗೆ ಬಂದೂಕು ಕೊಡಲು ಸಾಮ್ರಾಜ್ಯಕ್ಕೆ ಧೈರ್ಯವಿರಲಿಲ್ಲ. ಗುದ್ದಲಿ ಕೊಡಲು ಅಂಜಿಕೆಯಿರಲಿಲ್ಲ.

ಸಿಟ್ಟು ಮಾತ್ರ ಹಳೆಯದು. ರಷ್ಯಾ, ಉಕ್ರೇನ್ ಕಡೆಯಿಂದ ಬಂದ ರೈತರಿಗೆ ಒಳ್ಳೆಯ ಹುಲ್ಲುಗಾವಲು, ನೀರಿನ ನೆಲೆಗಳೆಲ್ಲ ಹಂಚಿಕೆಯಾಗಿ, ಕಿರ್ಗಿಜ್ ಮತ್ತು ಕಜಖ್ ದನಗಾಹಿಗಳು ಒಣನೆಲಕ್ಕೆ ಸರಿದಿದ್ದರು. ಇದರ ಮೇಲೆ ಯುದ್ಧದ ತೆರಿಗೆ ಬೇರೆ. ಜನನ ದಾಖಲೆಯೇ ಇಲ್ಲದ ಆ ನಾಡಿನಲ್ಲಿ ಯಾರ ವಯಸ್ಸು ಎಷ್ಟು ಎಂದು ತೀರ್ಮಾನಿಸುವ ಅಧಿಕಾರ ಊರ ಮುಖಂಡರ ಕೈಗೆ ಬಂತು. ಲಂಚ ಕೊಟ್ಟ ಸಿರಿವಂತರ ಮಕ್ಕಳ ಹೆಸರು ಪಟ್ಟಿಯಿಂದ ಜಾರಿತು, ಬಡವರ ಮಕ್ಕಳದ್ದು ಉಳಿಯಿತು. ಹಾಗಾಗಿ ಗುಂಪುಗಳು ಹಲವೆಡೆ ಮೊದಲು ಕೇಳಿದ್ದು ಆ ಪಟ್ಟಿಗಳನ್ನೇ, ಸುಟ್ಟುಹಾಕಲು.

ಜುಲೈ 17ರಂದು ಖುಜಂದ್‌ನಲ್ಲಿ ಜನರ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಜಿಜಾಖ್ ಪಟ್ಟಣ ದಂಗೆಯೆದ್ದಿತು. ರೈಲುಹಳಿ, ತಂತಿ ಸಂಪರ್ಕ ಕಡಿದುಹೋದವು. ಸೇನೆ ಆ ಊರನ್ನೇ ನೆಲಸಮ ಮಾಡಿತು. ಕಜಖ್ ಹುಲ್ಲುಗಾವಲಿನಲ್ಲಿ ಬಂಡಾಯದ ನಾಯಕ ಅಮಾನ್‌ಗೆಲ್ದಿ ಇಮಾನೊವ್ ಸಾವಿರಾರು ಸವಾರರೊಂದಿಗೆ ತುರ್ಗಾಯ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ. ಕಜಖ್ ವಿದ್ಯಾವಂತರಾದ ಅಲಿಖಾನ್ ಬುಕೆಯ್‌ಖಾನೊವ್, ಅಖ್ಮೆತ್ ಬೈತುರ್ಸಿನೊವ್ ಮಾತ್ರ ಆಜ್ಞೆಗೆ ಮಣಿಯಿರಿ ಎಂದೇ ಹೇಳುತ್ತಿದ್ದರು. ಬರಿಗೈ ಜನ ಸೈನ್ಯದೆದುರು ನಿಂತರೆ ಏನಾದೀತೆಂಬ ಅವರ ಅಂದಾಜು ತಪ್ಪಾಗಲಿಲ್ಲ.

ಅತ್ಯಂತ ಘೋರವಾದದ್ದು ಸೆಮಿರೆಚ್ಯೆ ಪ್ರಾಂತ್ಯದಲ್ಲಿ ನಡೆಯಿತು. ಆಗಸ್ಟ್‌ನಲ್ಲಿ ಕಿರ್ಗಿಜರು ವಲಸೆ ರೈತರ ಹಳ್ಳಿಗಳ ಮೇಲೆರಗಿದರು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಹೆಂಗಸರು ಮಕ್ಕಳೂ ಇದ್ದರು. ಸೇಡಿಗೆ ಕೊಸಾಕ್ ಪಡೆಗಳ ಜೊತೆ ಬಂದೂಕು ಹಿಡಿದ ವಲಸಿಗರೂ ಇಳಿದರು. ಕಿರ್ಗಿಜರು ದನಕುರಿಗಳ ಸಮೇತ ತಿಯೆನ್ ಶಾನ್ ಪರ್ವತದ ಕಣಿವೆಗಳನ್ನು ದಾಟಿ ಚೀನಾದತ್ತ ಓಡಿದರು. ಹಿಮ, ಹಸಿವು, ಗುಂಡು ಮೂರೂ ಸೇರಿ ದಾರಿಯುದ್ದಕ್ಕೂ ಬಲಿ ತೆಗೆದುಕೊಂಡವು. ವಲಸಿಗರ ಸಾವು ಸರ್ಕಾರದ ಕಡತ ಸೇರಿತು. ಕಣಿವೆಯಲ್ಲಿ ಸತ್ತವರನ್ನು ಎಣಿಸಿದವರಿಲ್ಲ. ದಂಗೆಯ ಒಟ್ಟು ಸಾವನ್ನು ಇತಿಹಾಸಕಾರರು ಒಂದು ಲಕ್ಷದಿಂದ ಎರಡೂವರೆ ಲಕ್ಷದವರೆಗೆ ಅಂದಾಜಿಸುತ್ತಾರೆ.

ತುರ್ಕಿಸ್ತಾನದ ಹೊಸ ಗವರ್ನರ್ ಜನರಲ್ ಕುರೊಪಾತ್ಕಿನ್, ಜಪಾನಿನೆದುರು ಸೋತಿದ್ದ ಅದೇ ಸೇನಾಪತಿ, ಇಸ್ಸಿಕ್ ಕುಲ್ ಸರೋವರದ ಸುತ್ತಲಿನಿಂದ ಕಿರ್ಗಿಜರನ್ನೇ ತೆರವು ಮಾಡಲು ಹೊರಟ. ಬಾಲ್ಯವನ್ನು ತಾಷ್ಕೆಂಟಿನಲ್ಲಿ ಕಳೆದಿದ್ದ ಸಂಸತ್ ಸದಸ್ಯ ಕೆರೆನ್ಸ್ಕಿ ಸ್ಥಳಕ್ಕೆ ಹೋಗಿಬಂದು, ಡಿಸೆಂಬರ್‌ನಲ್ಲಿ ರಷ್ಯಾದ ಸಂಸತ್ತಾದ ಡ್ಯೂಮಾದಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡ. ಇಷ್ಟಾದರೂ ಒಂದು ಲಕ್ಷಕ್ಕೂ ಹೆಚ್ಚು ಕೂಲಿಗಳನ್ನು ಸಾಗಿಸಲಾಗಿತ್ತು. 1917ರಲ್ಲಿ ಚಕ್ರವರ್ತಿ ಇಳಿದ ಮೇಲೆ ತಾತ್ಕಾಲಿಕ ಸರ್ಕಾರ ಅವರನ್ನು ಊರಿಗೆ ಕಳಿಸಿತು. ಕಿರ್ಗಿಜ್‌ಸ್ತಾನದಲ್ಲಿ ಈಗ ನವೆಂಬರ್ 7 ಮತ್ತು 8, ಈ ದಂಗೆಯಲ್ಲಿ ಸತ್ತವರನ್ನೂ ನೆನೆಯುವ, ಇತಿಹಾಸ ಹಾಗೂ ಪೂರ್ವಿಕರ ಸ್ಮರಣೆಯ ದಿನಗಳು.