ಬಿಸಿಲಿನ ಗೇಣಿ

‘ಗೇಣಿ’ ಎಂಬ ಮಾತು ಇನ್ನು ನಿಘಂಟಿಗೇ ಮೀಸಲಾಯಿತೆಂದು ನಾನು ಬಗೆದಿದ್ದೆ. 1974ರ ಭೂಸುಧಾರಣೆಯ ಕಾನೂನು ಉಳುವವನನ್ನೇ ನೆಲದೊಡೆಯನನ್ನಾಗಿ ಮಾಡಿದ ಮೇಲೆ, ಹಳೆಯ ಕಾದಂಬರಿಗಳನ್ನು ಪಾಠ ಹೇಳುವಾಗ ಆ ಶಬ್ದದ ಅರ್ಥವನ್ನು ಹಲಗೆಯ ಮೇಲೆ ಬರೆದು ತೋರಿಸಬೇಕಾಗುತ್ತದೆ. ಒಮ್ಮೆ ಹಾಗೆ ಬರೆಯುತ್ತಿದ್ದಾಗ ಪಾವಗಡದ ಕಡೆಯ ವಿದ್ಯಾರ್ಥಿಯೊಬ್ಬ ಎದ್ದು, “ನಮ್ಮ ಮನೆಗೆ ವರ್ಷವರ್ಷವೂ ಗೇಣಿ ಬರುತ್ತದೆ, ಸಾರ್, ಬಿಸಿಲಿನ ಗೇಣಿ” ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ರಜೆ ಬಂದಾಗ ಅವನೊಡನೆ ಅವನ ಊರಿಗೆ ಹೊರಟೆ.

ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆ ನೆಲದ ಮೇಲೆ ಅಲ್ಲಿ ಸೌರಫಲಕಗಳು ಹರಡಿಕೊಂಡಿವೆ. ದೂರದಿಂದ ನೋಡಿದವನಿಗೆ ಬರದ ನಾಡಿನಲ್ಲಿ ಕೆರೆಯೊಂದು ಕೋಡಿಬಿದ್ದಂತೆ ತೋರುತ್ತದೆ. ಹತ್ತಿರ ಹೋದರೆ ನೀರಿಲ್ಲ, ಗಾಜು! 2019ರ ಕೊನೆಗೆ ಪೂರ್ಣಗೊಂಡ ಈ ಸ್ಥಾವರದ ಸಾಮರ್ಥ್ಯ 2,050 ಮೆಗಾವ್ಯಾಟ್. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ. ರಾಯಚೂರಿನ ಒಲೆಗಳಿಗೆ ಪರನಾಡಿನ ಇದ್ದಲು ರೈಲಿನಲ್ಲಿ ಬರಬೇಕು. ಬಿಸಿಲಾದರೋ ನಮ್ಮ ಮನೆಯದೇ. ಇದ್ದಲನ್ನು ಬಿಟ್ಟು ಬಿಸಿಲಿಗೆ ಹೊರಳಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಇಲ್ಲಿ ಮೆಚ್ಚತಕ್ಕ ಇನ್ನೊಂದು ಸಂಗತಿಯುಂಟು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಾಗ ನಾಡಿಗೆ ಬೆಳಕು ಬಂತು, ಶರಾವತಿಯ ದಂಡೆಯ ಜನರ ಮನೆ ತೋಟಗಳು ಮುಳುಗಿದವು. ಪಾವಗಡದಲ್ಲಿ ಯಾರ ಮನೆಯೂ ಮುಳುಗಲಿಲ್ಲ. ನೆಲವನ್ನು ಕೊಳ್ಳದೆ ರೈತರಿಂದ ದೀರ್ಘಾವಧಿಯ ಗೇಣಿಗೆ ಪಡೆದರು. ಮೊದಲು ಗೊತ್ತುಮಾಡಿದ್ದು ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಮಳೆ ಕೈಕೊಟ್ಟಾಗ ಬಿತ್ತಿದ ಕಡಲೆಕಾಯಿಯ ಬೀಜವೂ ಮರಳದ ಹೊಲಕ್ಕೆ ಇದು ಸಣ್ಣ ಮೊತ್ತವಲ್ಲ. ಅಂದು ಗೇಣಿ ತೆತ್ತವರ ಮೊಮ್ಮಕ್ಕಳು ಇಂದು ಗೇಣಿ ಪಡೆಯುತ್ತಾರೆ. ಶಬ್ದವೊಂದು ಹೀಗೆ ಮಗ್ಗುಲು ಬದಲಿಸುವುದನ್ನು ಕಾಣುವ ಭಾಗ್ಯ ಕನ್ನಡದ ಮೇಷ್ಟರಿಗೆ ದಿನವೂ ಬರುವುದಿಲ್ಲ.

ಆದರೆ ಗೇಣಿ ಬರುವುದು ಪಹಣಿಯಲ್ಲಿ ಹೆಸರುಳ್ಳವರಿಗೆ. ಅದೇ ಹೊಲಗಳಲ್ಲಿ ಕಳೆ ಕಿತ್ತವರ, ಕಾಯಿ ಬಿಡಿಸಿದವರ, ಸುಗ್ಗಿ ಮುಗಿದ ಮೇಲೆ ಕುರಿ ಮೇಯಿಸಿದವರ ಹೆಸರು ಯಾವ ಪಹಣಿಯಲ್ಲಿದೆ? ಬೇಲಿ ಬಿದ್ದ ಮೇಲೆ ಕೂಲಿಯೂ ಹೋಯಿತು, ಮೇವೂ ಹೋಯಿತು. ಕೆಲವರಿಗೆ ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಸಿಕ್ಕಿದೆ, ಎಲ್ಲರಿಗೂ ಸಿಕ್ಕಿಲ್ಲ. ಉತ್ಪನ್ನದ ಒಂದಂಶವನ್ನಾದರೂ ನೆಲವಿಲ್ಲದವರಿಗೆಂದು ಕರಾರಿನಲ್ಲೇ ಬರೆಯಬಹುದಿತ್ತು. ಇನ್ನು ಮುಂದೆ ಬೇರೆ ತಾಲ್ಲೂಕುಗಳಲ್ಲಿ ಕರಾರು ಬರೆಯುವವರಾದರೂ ಇದನ್ನು ಯೋಚಿಸಬೇಕು.

ಸಂಜೆ ಶಿಷ್ಯನ ಮನೆಯ ಜಗಲಿಯಲ್ಲಿ ಕುಳಿತಿದ್ದಾಗ, ಹಿಂದೆ ಅವರ ಹೊಲದಲ್ಲಿ ಕೂಲಿಗೆ ಬರುತ್ತಿದ್ದ ಮುದುಕಿಯೊಬ್ಬಳು ಬಂದಳು. ತೆಲುಗು ಬೆರೆತ ಕನ್ನಡದಲ್ಲಿ ಅದೂ ಇದೂ ಮಾತನಾಡಿ, “ಗೇಣಿ ನೆಲಕ್ಕಂತೆ ಸಾಮಿ. ಬಿಸಿಲಿಗೆ ಅಂದಿದ್ದರೆ ನನಗೂ ಒಂದು ಪಾಲು ಬರಬೇಕಿತ್ತಲ್ಲ. ನನ್ನ ತಲೆ ಮೇಲೆ ಬಿದ್ದಷ್ಟು ಬಿಸಿಲು ಯಾರ ಮೇಲೆ ಬಿದ್ದೈತೆ?” ಎಂದು ನಕ್ಕಳು.

ಶಿಷ್ಯ ಏನೂ ಹೇಳಲಿಲ್ಲ. ಅವನ ಮನೆಗೆ ಆ ವರ್ಷದ ಗೇಣಿ ಬಂದು ಹದಿನೈದು ದಿನವಾಗಿತ್ತು.